ಮಾಕಣಿಯ ಕಂಬಕ್ಕೆ ಲೈಸನ್ಸು ಯಾರದ್ದಿರಬೇಕು?

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಉಮರ್ಗಾ ದಾಟಿದ ಮೇಲೆ ಸ್ವಲ್ಪ ಹೊತ್ತಿಗೇ ಬೀದರ ಜಿಲ್ಲೆಯನ್ನು ಹೊಗುತ್ತದೆ. ಕರಿಮಣ್ಣು ಅದೇ, ತೊಗರಿ ಸೋಯಾಬೀನು ಅದೇ, ಬಹಳ ಮನೆಗಳಲ್ಲಿ ಒಳಗಿನ ಮಾತೂ ಅದೇ. ಬದಲಾಗುವುದು ಕರೆಂಟಿನ ಕಂಬದ ಒಡೆತನ. ಗಡಿಯ ಈಚೆ, ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಮಹಾರಾಷ್ಟ್ರದ ಮಹಾವಿತರಣ. ಆಚೆ, ಬಸವಕಲ್ಯಾಣ, ಭಾಲ್ಕಿ, ಆಳಂದಗಳಲ್ಲಿ ಕಲಬುರಗಿಯ ಜೆಸ್ಕಾಂ. ಈಚೆಯ ದರ ಮುಂಬೈಯಲ್ಲಿ ಕೂತ ಆಯೋಗ ನಿಗದಿ ಮಾಡುತ್ತದೆ, ಆಚೆಯದು ಬೆಂಗಳೂರಿನ ಆಯೋಗ. 1956ಕ್ಕಿಂತ ಮುಂಚೆ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯ ಪುನರ್ವಿಂಗಡಣೆ ಬೇರೆ ರೀತಿ ಆಗಿದ್ದರೆ ಇವರ ಬಿಲ್ಲಿನ ಮೇಲೆ ಇವತ್ತು ಬೇರೆ ಕಂಪನಿಯ ಹೆಸರಿರುತ್ತಿತ್ತು.

ತೇರಣಾ ನದಿಯ ಅಣೆಕಟ್ಟಿನ ಊರು ಮಾಕಣಿ. ಅಲ್ಲಿ ಹಿನ್ನೀರಿಗೂ ಕಾಲುವೆಗೂ ಬಾವಿಗೂ ಮೋಟಾರು ಹಚ್ಚಿದ ರೈತನಿಗೆ ಕರೆಂಟು ಅಂದರೆ ತ್ರೀ ಫೇಸ್. ಅದು ಪಾಳಿಯ ಮೇಲೆ ಬರುತ್ತದೆ: ಒಂದು ಸರದಿಯಲ್ಲಿ ಹಗಲು 8 ಗಂಟೆ, ಇನ್ನೊಂದು ಸರದಿಯಲ್ಲಿ ರಾತ್ರಿ 10 ಗಂಟೆ. ರಾತ್ರಿ ಪಾಳಿ ಬಂದರೆ ಬ್ಯಾಟರಿ ಹಿಡಿದು, ಹಾವಿಗೆ ಅಂಜುತ್ತ ಹೊಲಕ್ಕೆ ಹೋಗಬೇಕು. ಕರೆಂಟು ಬರುವ ಹೊತ್ತನ್ನೂ ಅದರ ದರವನ್ನೂ ಹೋದಾಗ ಕೇಳಬೇಕಾದವರನ್ನೂ ತೀರ್ಮಾನಿಸುವುದು ವಿದ್ಯುತ್ ಹಂಚುವ ಲೈಸನ್ಸು ಎಂಬ ಒಂದು ಕಾಗದ. ಆ ಲೈಸನ್ಸು ಒಂದೇ ದೊಡ್ಡ ಸರ್ಕಾರಿ ಕಂಪನಿಯ ಕೈಯಲ್ಲೇ ಇರಬೇಕೋ, ಖಾಸಗಿಯವರಿಗೂ ಕೊಡಬೇಕೋ, ಊರಿನವರೇ ಕಟ್ಟಿದ ಸಹಕಾರಿ ಸಂಘಕ್ಕೆ ಒಪ್ಪಿಸಬೇಕೋ ಎಂಬ ಜಗಳ ಕಳೆದ ಇಪ್ಪತ್ತು ವರ್ಷಗಳಿಂದ ಮಹಾರಾಷ್ಟ್ರದಲ್ಲಿ ನಿಂತಿಲ್ಲ. ಅದು ನಡೆಯುವುದೆಲ್ಲ ಠಾಣೆ, ನವಿ ಮುಂಬೈ, ಪುಣೆಗಳ ಹೆಸರಿನಲ್ಲಿ. ಅದರ ಪರಿಣಾಮ ಬಂದು ಬೀಳುವುದು ಗಡಿಯ ಈ ಮೂಲೆಯ ಮೇಲೆ.

ಮೊದಲು ಕಾನೂನಿನ ಎರಡು ಮಾತು. 2003ರ ವಿದ್ಯುತ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಹಂಚುವ ಲೈಸನ್ಸು ಕೊಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಒಮ್ಮೆ ಕೊಟ್ಟರೆ, ರದ್ದಾಗದಿದ್ದರೆ, 25 ವರ್ಷ. ಒಂದೇ ಪ್ರದೇಶಕ್ಕೆ ಎರಡನೆಯವರಿಗೂ ಲೈಸನ್ಸು ಕೊಡಬಹುದು, ಆದರೆ ಆ ಎರಡನೆಯವರು ತಮ್ಮದೇ ತಂತಿ, ತಮ್ಮದೇ ಕಂಬ ಹಾಕಿಕೊಳ್ಳಬೇಕು. ಲೈಸನ್ಸು ತನ್ನ ಹತ್ತಿರವೇ ಇಟ್ಟುಕೊಂಡು ಕೆಲಸವನ್ನು ಮಾತ್ರ ಬೇರೆಯವರಿಗೆ ವಹಿಸುವುದು ಫ್ರಾಂಚೈಸಿ. ಮಹಾರಾಷ್ಟ್ರದ ಆಯೋಗ ಶುರುವಾದದ್ದು 1999ರಲ್ಲಿ. ಹಳೆಯ ವಿದ್ಯುತ್ ಮಂಡಳಿಯನ್ನು 2005ರ ಜೂನ್‌ನಲ್ಲಿ ಒಡೆದಾಗ ಹಂಚುವ ಭಾಗ ಮಹಾವಿತರಣವಾಯಿತು. ಮಂಡಳಿಯ ವಾರಸುದಾರ ಎಂಬ ಕಾರಣಕ್ಕೆ ಲೈಸನ್ಸು ತಾನಾಗಿಯೇ ಅದಕ್ಕೆ ಬಂತು. ಇವತ್ತು ಅದರ ಗ್ರಾಹಕರು ಸುಮಾರು 3 ಕೋಟಿ. ಮುಂಬೈ ನಗರದ ಬಹುಭಾಗ ಬಿಟ್ಟರೆ ಇಡೀ ರಾಜ್ಯ ಅದರದ್ದೇ.

ಈ ಏಕಸ್ವಾಮ್ಯ ಮುರಿಯಬೇಕು ಅನ್ನುವವರ ವಾದವನ್ನು ಸರಿಯಾಗಿ ಕೇಳಬೇಕಾದರೆ ಡಿ.ಪಿ. ಸುಟ್ಟ ಹೊಲಕ್ಕೆ ಹೋಗಬೇಕು. ಗಡಿಯ ಈಚೆಯ ಮರಾಠವಾಡದಲ್ಲಿ ಟ್ರಾನ್ಸ್‌ಫಾರ್ಮರಿಗೆ ಡಿ.ಪಿ. ಅನ್ನುತ್ತಾರೆ, ಬೀದರ ಕಡೆ ಟಿ.ಸಿ. ಅನ್ನುತ್ತಾರೆ. ಹಿಂಗಾರಿಯಲ್ಲಿ ಕಡಲೆಗೆ, ಕಬ್ಬಿಗೆ ನೀರು ಬೇಕಾದ ಹೊತ್ತಿಗೆ ಎಲ್ಲ ಮೋಟಾರುಗಳೂ ಒಮ್ಮೆಲೇ ಓಡುತ್ತವೆ, ಕೊಕ್ಕೆ ಹಾಕಿದ ಮೋಟಾರುಗಳೂ ಅವುಗಳ ಜೊತೆ ಓಡುತ್ತವೆ, ಹೊರೆ ತಾಳದೆ ಡಿ.ಪಿ. ಸುಡುತ್ತದೆ. ಗ್ರಾಮೀಣ ಭಾಗದಲ್ಲಿ ಸುಟ್ಟ ಟ್ರಾನ್ಸ್‌ಫಾರ್ಮರನ್ನು 48 ಗಂಟೆಯೊಳಗೆ ಬದಲಿಸಬೇಕು, ತಪ್ಪಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕು ಎಂದು ಆಯೋಗದ ನಿಯಮವಿದೆ. ನಡೆಯುವುದು ಬೇರೆ. ಆ ಡಿ.ಪಿ.ಯ ಮೇಲಿರುವ ರೈತರು ಕೂಡಿ ಪಟ್ಟಿ ಎತ್ತುತ್ತಾರೆ. ಟೆಂಪೊ ತರುತ್ತಾರೆ, ಸುಟ್ಟದ್ದನ್ನು ತಾವೇ ಇಳಿಸಿ ರಿಪೇರಿ ಜಾಗಕ್ಕೆ ಒಯ್ಯುತ್ತಾರೆ. ಅಲ್ಲಿ ಆಯಿಲ್ ಇಲ್ಲ, ಅಥವಾ ಅವರ ಮುಂದೆ ಇನ್ನೂ ಹತ್ತು ಊರಿನ ಸರದಿ. ಎರಡು ದಿನದ ನಿಯಮ ಎರಡು ವಾರ ಎಳೆದಾಗ ಕಡಲೆ ಒಣಗುತ್ತದೆ. ಇದು ಗಡಿಯ ಎರಡೂ ಕಡೆಯ ಕಥೆ. ಪರಿಹಾರದ ಅರ್ಜಿ ಹಾಕುವವರು ತೀರ ಕಡಿಮೆ, ಅಂಥ ನಿಯಮ ಇದೆಯೆಂಬುದೇ ಬಹಳ ಜನಕ್ಕೆ ತಿಳಿದಿಲ್ಲ.

ಲೈಸನ್ಸು ಕಳೆದುಕೊಳ್ಳುವ ಭಯವೇ ಇಲ್ಲದ ಕಂಪನಿಗೆ ಆ ರೈತನ ನಷ್ಟ ಯಾಕೆ ಮುಟ್ಟಬೇಕು ಎಂದು ಖಾಸಗಿ ಪಕ್ಷದವರು ಕೇಳುತ್ತಾರೆ. ಅವರ ಬಳಿ ಉದಾಹರಣೆಗಳೂ ಇವೆ. ದಿಲ್ಲಿಯಲ್ಲಿ 2002ರಲ್ಲಿ ವಿತರಣೆಯನ್ನು ಖಾಸಗಿ ಕಂಪನಿಗಳಿಗೆ ಒಪ್ಪಿಸಿದಾಗ ಹಂಚಿದ ವಿದ್ಯುತ್ತಿನ ಅರ್ಧದಷ್ಟಕ್ಕೆ ದುಡ್ಡೇ ಬರುತ್ತಿರಲಿಲ್ಲ. ಈಗ ಆ ನಷ್ಟ ನೂರಕ್ಕೆ ಹತ್ತಕ್ಕಿಂತ ಕೆಳಗಿದೆ. ಮಹಾರಾಷ್ಟ್ರದ್ದೇ ಭಿವಂಡಿ ಮಗ್ಗಗಳ ಊರು. ಅಲ್ಲಿ 2007ರ ಜನವರಿಯಲ್ಲಿ ಟೊರೆಂಟ್ ಕಂಪನಿ ಫ್ರಾಂಚೈಸಿಯಾಗಿ ಬಂದ ಮೇಲೆ, ಅರ್ಧ ದಾಟಿದ್ದ ನಷ್ಟ ಕೆಲವೇ ವರ್ಷಗಳಲ್ಲಿ ನೂರಕ್ಕೆ ಇಪ್ಪತ್ತರ ಆಸುಪಾಸಿಗೆ ಇಳಿಯಿತು. ಮೀಟರು ಜೋರಾಗಿ ಓಡುತ್ತದೆ, ಬಿಲ್ಲು ಹೆಚ್ಚು ಬರುತ್ತದೆ ಎಂಬ ದೂರು ಅಲ್ಲಿ ಇವತ್ತಿಗೂ ಇದೆ. ಆದರೂ ಟ್ರಾನ್ಸ್‌ಫಾರ್ಮರುಗಳು ಬದಲಾದವು, ಕತ್ತಲೆ ಕಡಿಮೆಯಾಯಿತು, ಮಗ್ಗ ಓಡಿದವು. ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕವಲ್ಲ.

ಆದರೆ ಮರಾಠವಾಡಕ್ಕೆ ತನ್ನದೇ ಅನುಭವವೂ ಇದೆ. ಔರಂಗಾಬಾದ್ ನಗರವನ್ನು 2011ರಲ್ಲಿ ಜಿಟಿಎಲ್ ಕಂಪನಿಗೆ ಫ್ರಾಂಚೈಸಿ ಕೊಟ್ಟರು. 2014ರ ನವೆಂಬರಿನಲ್ಲಿ, ಕೊಡಬೇಕಾದ ಹಣ ಬಾಕಿ ಉಳಿಯಿತೆಂದು ಮಹಾವಿತರಣ ಅದನ್ನು ವಾಪಸು ತೆಗೆದುಕೊಂಡಿತು. ಜಳಗಾಂವ್‌ನಲ್ಲಿಯೂ ನಾಗಪುರದಲ್ಲಿಯೂ ಬಂದ ಫ್ರಾಂಚೈಸಿಗಳು ಅವಧಿ ಮುಗಿಯುವ ಮುನ್ನವೇ ಹೋದವು. ಇನ್ನೂ ಹಿಂದಕ್ಕೆ ಹೋದರೆ ಒಡಿಶಾ. ಇಡೀ ದೇಶಕ್ಕೆ ಮೊದಲು ವಿತರಣೆಯನ್ನು ಖಾಸಗಿಗೆ ಮಾರಿದ ರಾಜ್ಯ ಅದು. 1999ರಲ್ಲಿ ಅಮೆರಿಕದ ಎಇಎಸ್ ಕಂಪನಿ ಕಟಕ್, ಭುವನೇಶ್ವರದ ಭಾಗವನ್ನು ವಹಿಸಿಕೊಂಡ ಕೆಲವೇ ವಾರಗಳಿಗೆ ಮಹಾ ಚಂಡಮಾರುತ ಬಂದು ಕಂಬಗಳನ್ನೆಲ್ಲ ಕೆಡವಿತು. 2001ರಲ್ಲಿ ಕಂಪನಿ ಎದ್ದು ಹೋಯಿತು. ಉಳಿದ ಮೂರು ಪ್ರದೇಶಗಳ ಖಾಸಗಿ ಲೈಸನ್ಸುಗಳನ್ನು 2015ರಲ್ಲಿ ಅಲ್ಲಿನ ಆಯೋಗವೇ ರದ್ದು ಮಾಡಬೇಕಾಯಿತು.

ಎಇಎಸ್ ಕಥೆ ಓದುವಾಗ ನನಗೆ ನೆನಪಾಗುವುದು ಮಾಕಣಿಯ ನೆರೆಯ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆಲ ನಡುಗಿತು, ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಸತ್ತರು. 52 ಊರುಗಳನ್ನು ಪೂರ್ತಿಯಾಗಿ ಬೇರೆ ಜಾಗಕ್ಕೆ ಒಯ್ದು ಕಟ್ಟಿದರು. ಹೊಸ ಊರು ಅಂದರೆ ಹೊಸ ಲೈನು, ಹೊಸ ಕಂಬ, ಹೊಸ ಟ್ರಾನ್ಸ್‌ಫಾರ್ಮರು, ಮನೆಮನೆಗೆ ಹೊಸ ಮೀಟರು. ಅಲ್ಲಿ ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸು ಬರುತ್ತದೆ ಎಂದು ಲೆಕ್ಕ ಹಾಕಿ ಕೂತಿದ್ದರೆ ಆ ಊರುಗಳಿಗೆ ದೀಪ ಬರುತ್ತಿರಲಿಲ್ಲ. ಅಷ್ಟು ದೊಡ್ಡ ಹೊಡೆತ ತಾಳಲು ಬೆನ್ನ ಹಿಂದೆ ಇಡೀ ರಾಜ್ಯ ಇರಬೇಕು. ಸರ್ಕಾರಿ ಮಂಡಳಿಯ ನಿಧಾನವನ್ನು ಬೈಯುವ ನಾವು ಈ ಒಂದು ಜಮೆಯನ್ನೂ ಅದರ ಖಾತೆಯಲ್ಲಿ ಬರೆಯಲೇಬೇಕು.

ಇದಕ್ಕಿಂತ ಭಾರವಾದ ಪ್ರಶ್ನೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು. ಮಹಾರಾಷ್ಟ್ರದ ಲೈಟ್ ಬಿಲ್ಲನ್ನು ಬಿಡಿಸಿ ನೋಡಿದರೆ ಸ್ಥಿರ ಆಕಾರ, ಬಳಸಿದ ಯೂನಿಟ್ಟಿನ ದರ, ತಂತಿ ಬಾಡಿಗೆಯಂಥ ವಹನ ಆಕಾರ, ಇಂಧನದ ಬೆಲೆ ಏರಿದರೆ ಸೇರುವ ಇಂಧನ ಹೊಂದಾಣಿಕೆ, ಇವೆಲ್ಲದರ ಮೇಲೆ ಮನೆಗಾದರೆ ನೂರಕ್ಕೆ 16ರಷ್ಟು ಸರ್ಕಾರದ ವಿದ್ಯುತ್ ಶುಲ್ಕ ಕಾಣಿಸುತ್ತವೆ. ಬಿಲ್ಲಿನಲ್ಲಿ ಕಾಣಿಸದ ಒಂದು ಸಾಲಿದೆ. ಠಾಣೆ, ಪುಣೆಯ ಕಾರ್ಖಾನೆಗಳೂ ಮಾಲ್‌ಗಳೂ ತಮ್ಮ ವಿದ್ಯುತ್ತಿಗೆ ಆಗುವ ನಿಜವಾದ ವೆಚ್ಚಕ್ಕಿಂತ ಹೆಚ್ಚು ಕೊಡುತ್ತವೆ. ಆ ಹೆಚ್ಚಳ ಉಮರ್ಗಾದ ಮನೆ ಬಿಲ್ಲನ್ನು, ನಿಲಂಗಾದ ಪಂಪನ್ನು ತಗ್ಗಿಸುತ್ತದೆ. ಅದಕ್ಕೂ ಸಾಲದ್ದನ್ನು ಸರ್ಕಾರದ ಬೊಕ್ಕಸ ತುಂಬುತ್ತದೆ. 2024ರ ಏಪ್ರಿಲಿನಿಂದ ಮಹಾರಾಷ್ಟ್ರ 7.5 ಅಶ್ವಶಕ್ತಿಯವರೆಗಿನ ಪಂಪಿಗೆ ಬಿಲ್ಲೇ ಇಲ್ಲ ಎಂದಿದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗೆ 2008ರಿಂದಲೇ ಬಿಲ್ಲಿಲ್ಲ. 2023ರ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್‌ವರೆಗೆ ಮನೆಗೂ ಇಲ್ಲ.

ಇಷ್ಟು ತಿಳಿದ ಮೇಲೆ 2022ರ ಅರ್ಜಿಯನ್ನು ನೋಡಿ. ಅದಾನಿ ಗುಂಪಿನ ಕಂಪನಿ ನವಿ ಮುಂಬೈ, ಠಾಣೆ, ಪನವೇಲ್, ಉರಣ ಭಾಗಕ್ಕೆ ಸಮಾನಾಂತರ ಲೈಸನ್ಸು ಕೇಳಿತು. ಉಮರ್ಗಾವನ್ನೂ ಉದಗೀರವನ್ನೂ ಯಾರೂ ಕೇಳಲಿಲ್ಲ, ಕೇಳುವುದೂ ಇಲ್ಲ. 2023ರ ಜನವರಿ 4ರಂದು ಮಹಾರಾಷ್ಟ್ರದ ವಿದ್ಯುತ್ ನೌಕರರು ಇದರ ವಿರುದ್ಧ 72 ಗಂಟೆಯ ಮುಷ್ಕರಕ್ಕೆ ಇಳಿದರು. ಆಗ ಉಪಮುಖ್ಯಮಂತ್ರಿಯಾಗಿದ್ದು ಇಂಧನ ಖಾತೆಯೂ ತಮ್ಮಲ್ಲಿದ್ದ ದೇವೇಂದ್ರ ಫಡಣವೀಸರ ಜೊತೆ ಮಾತುಕತೆಯಾಗಿ ಅಂದೇ ಹಿಂತೆಗೆದರು. ನೌಕರರಿಗೆ ತಮ್ಮ ಕೆಲಸದ ಚಿಂತೆ ಇತ್ತು, ಅದು ಸಹಜ. ಹೆಚ್ಚು ದರ ಕೊಡುವ ಗ್ರಾಹಕ ಹೊಸಬರ ಕಡೆ ಹೋದರೆ ಮಹಾವಿತರಣದ ಪಾಲಿಗೆ ಪಂಪು ಮತ್ತು ಗುಡಿಸಲು ಮಾತ್ರ ಉಳಿಯುತ್ತವೆ ಎಂದು ಅವರು ಹೇಳಿದ್ದು ಕೂಡ ನಿಜ. ಮುಂಬೈಯಲ್ಲಿ ಇದು ಆಗಲೇ ಕಂಡಿದೆ. 2008ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಟಾಟಾ ಪವರ್ ಮತ್ತು ರಿಲಯನ್ಸ್ ಒಂದೇ ಉಪನಗರದಲ್ಲಿ ಗ್ರಾಹಕರಿಗಾಗಿ ಪೈಪೋಟಿಗಿಳಿದಾಗ ಗ್ರಾಹಕರಿಗೆ ಆಯ್ಕೆ ಸಿಕ್ಕಿತು, ದರದಲ್ಲಿ ಲಾಭವೂ ಆಯಿತು. ಅದರ ಜೊತೆಗೇ, ದೊಡ್ಡ ಬಿಲ್ಲಿನವರನ್ನು ಆರಿಸಿಕೊಳ್ಳುತ್ತಿದ್ದಾರೆಂಬ ತಕರಾರು ಆಯೋಗದ ಮುಂದೆ ವರ್ಷಗಟ್ಟಲೆ ನಡೆಯಿತು.

ಕರ್ನಾಟಕದವರು ಇದನ್ನು ಬೇರೆ ರೂಪದಲ್ಲಿ ಬಲ್ಲರು. 2002ರಲ್ಲಿ ರಾಜ್ಯದ ವಿತರಣೆಯನ್ನು ಹಲವು ಸರ್ಕಾರಿ ಕಂಪನಿಗಳಾಗಿ ಒಡೆದಾಗ ಕಾರ್ಖಾನೆ, ಐಟಿ, ಅಂಗಡಿಗಳೆಲ್ಲ ಬೆಸ್ಕಾಂಗೆ ಹೋದವು. ಬೀದರ, ಕಲಬುರಗಿ, ರಾಯಚೂರಿನ ಪಂಪ್‌ಸೆಟ್ಟುಗಳು ಜೆಸ್ಕಾಂಗೆ ಬಂದವು. ಆ ವಾರೆಯನ್ನು ಸರಿಪಡಿಸಲು ಅಗ್ಗದ ವಿದ್ಯುತ್ತಿನಲ್ಲಿ ಹೆಚ್ಚು ಪಾಲನ್ನು ಹಿಂದುಳಿದ ಭಾಗದ ಕಂಪನಿಗಳಿಗೆ ಕೊಡುವ ಏರ್ಪಾಡು ಬೇಕಾಯಿತು. ಕಂಪನಿ ಚಿಕ್ಕದಾದರೆ ಕಚೇರಿ ಹತ್ತಿರವಾಗುತ್ತದೆ, ಬಡತನವೂ ಹತ್ತಿರವಾಗುತ್ತದೆ.

ಹಾಗಾದರೆ ಮೂರನೆಯ ದಾರಿ, ಊರಿನವರದೇ ಸಂಘ? ಇದು ಈ ಭಾಗದ ಜನಕ್ಕೆ ಹೊಸತಲ್ಲ. 1969ರಲ್ಲಿ ದಿಲ್ಲಿಯಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದ ಸುಮಾರಿಗೇ ದೇಶದ ಐದು ಕಡೆ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳನ್ನು ಪ್ರಯೋಗಕ್ಕೆ ಆರಿಸಿದರು. ಮಹಾರಾಷ್ಟ್ರದಲ್ಲಿ ಆಗಿನ ಅಹಮದನಗರ ಜಿಲ್ಲೆಯ ಮುಳಾ-ಪ್ರವರಾ. ಕರ್ನಾಟಕದಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿ. ಸಂಕೇಶ್ವರದ ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರ ಮುತುವರ್ಜಿಯಿಂದ ಅದು ಬೆಳೆಯಿತು. ಎರಡರ ಹುಟ್ಟೂ ಒಂದೇ ಕಾಲದ್ದು, ಉದ್ದೇಶ ಒಂದೇ: ವಿದ್ಯುತ್ತನ್ನು ಸಗಟಾಗಿ ಕೊಂಡು ಸದಸ್ಯರಿಗೆ ಹಂಚುವುದು. ಆದರೆ ಎರಡರ ಹಣೆಬರಹ ಬೇರೆ ಬೇರೆಯಾಯಿತು.

ಮುಳಾ-ಪ್ರವರಾ ಮೊದಮೊದಲು ಮಾದರಿ ಎನಿಸಿಕೊಂಡಿತು. ಶ್ರೀರಾಮಪುರ, ರಾಹುರಿ ಕಡೆಯ ಕಬ್ಬಿನ ಹೊಲಗಳಿಗೆ ಪಂಪು ಬಂದದ್ದು ಅದರಿಂದಲೇ. ಹೋಗಹೋಗುತ್ತ ಸಂಘ ಮಂಡಳಿಗೆ ಕೊಡಬೇಕಾದ ವಿದ್ಯುತ್ತಿನ ಬಾಕಿ ಏರುತ್ತ ಹೋಯಿತು. ನಮ್ಮ ಗ್ರಾಹಕರಲ್ಲಿ ರೈತರೇ ಹೆಚ್ಚು, ಕಾರ್ಖಾನೆ ಕಡಿಮೆ, ನಮಗೆ ಕೊಡುವ ಸಗಟು ದರವೇ ದುಬಾರಿ ಎಂದು ಸಂಘ ಹೇಳಿತು. ವಸೂಲಿ ಮಾಡಲು ಮನಸ್ಸಿಲ್ಲ, ಸಂಘ ಒಂದು ರಾಜಕೀಯ ಮನೆತನದ ಹಿಡಿತದಲ್ಲಿದೆ ಎಂದು ಎದುರಿನವರು ಹೇಳಿದರು. 2011ರ ಜನವರಿ ಕೊನೆಗೆ ಲೈಸನ್ಸಿನ ಅವಧಿ ಮುಗಿದಾಗ ಆಯೋಗ ಅದನ್ನು ಸಂಘಕ್ಕೆ ಮತ್ತೆ ಕೊಡದೆ ಮಹಾವಿತರಣಕ್ಕೆ ಕೊಟ್ಟಿತು. ಸಂಘದ ವಾದ ಪೊಳ್ಳಲ್ಲ ಅಂತ ನನಗನಿಸುತ್ತದೆ. ಠಾಣೆಯ ದುಡ್ಡು ಉಮರ್ಗಾಕ್ಕೆ ಹರಿಯುವಂತೆ ಆ ಸಂಘಕ್ಕೆ ಯಾವ ನಗರದಿಂದಲೂ ಹರಿಯುತ್ತಿರಲಿಲ್ಲ. ಹಾಗೆಂದು, ಕೊಂಡ ಸರಕಿನ ಹಣ ವರ್ಷಾನುಗಟ್ಟಲೆ ಕೊಡದವರಿಗೆ ಆಯೋಗ ಲೈಸನ್ಸು ಮುಂದುವರಿಸಬೇಕಿತ್ತೇ? ಅದನ್ನೂ ಹೇಳಲಾರೆ.

ಹುಕ್ಕೇರಿ ಉಳಿದಿದೆ. ಕರ್ನಾಟಕದಲ್ಲಿ ವಿದ್ಯುತ್ ಹಂಚುವ ಒಂದೇ ಒಂದು ಸಹಕಾರಿ ಸಂಘ ಅದು. ಹೆಸ್ಕಾಂನಿಂದ ಕೊಳ್ಳುತ್ತದೆ, ದರವನ್ನು ಬೆಂಗಳೂರಿನ ಆಯೋಗ ಗೊತ್ತು ಮಾಡುತ್ತದೆ, ಆಡಳಿತವನ್ನು ಸದಸ್ಯರು ಮತ ಹಾಕಿ ಆರಿಸುತ್ತಾರೆ. 2025ರ ಸೆಪ್ಟೆಂಬರಿನ ಚುನಾವಣೆಯಲ್ಲಿ ಕತ್ತಿ ಮತ್ತು ಜಾರಕಿಹೊಳಿ ಕುಟುಂಬಗಳು ಎದುರಾಬದುರಾ ನಿಂತದ್ದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಅಲ್ಲಿಯ ರಾಜಕೀಯದ ಕಾವು ಗೊತ್ತು. ಅದು ಕೆಡುಕೋ ಒಳಿತೋ? ದೊಡ್ಡ ಮನೆತನಗಳ ಮೇಲಾಟಕ್ಕೆ ರೈತರ ಸಂಘ ಅಖಾಡವಾಗಬಾರದು ಅನ್ನುವವರಿದ್ದಾರೆ. ಆದರೆ ಮಾಕಣಿಯಲ್ಲಿ ಡಿ.ಪಿ. ಸುಟ್ಟರೆ ಮತ ಹಾಕಿ ಇಳಿಸಬಹುದಾದ ಒಬ್ಬನೇ ಒಬ್ಬ ಅಧಿಕಾರಿಯೂ ಇಲ್ಲ. ಹುಕ್ಕೇರಿಯಲ್ಲಿ ಒಂದು ಇಡೀ ಆಡಳಿತ ಮಂಡಳಿಯೇ ಇದೆ. ಆ ಹಕ್ಕಿನ ಬೆಲೆ ಕಡಿಮೆಯದಲ್ಲ.

ಚಿಕ್ಕವರಿಗೆ ಲೈಸನ್ಸು ಕೊಟ್ಟು ಗೆಲ್ಲಬಹುದೇ ಅನ್ನುವುದಕ್ಕೆ ಕಾಂಬೋಡಿಯಾವನ್ನು ನೋಡಬೇಕು. ಯುದ್ಧದಿಂದ ನುಚ್ಚುನೂರಾದ ಆ ಪುಟ್ಟ ದೇಶದಲ್ಲಿ ಸರ್ಕಾರದ ತಂತಿ ಹಳ್ಳಿಗೆ ತಲುಪಿರಲಿಲ್ಲ. ಡೀಸೆಲ್ ಜನರೇಟರ್ ಇಟ್ಟುಕೊಂಡ ಊರಿನ ವ್ಯಾಪಾರಿಗಳೇ ಬೊಂಬಿನ ಕಂಬಕ್ಕೆ ತಂತಿ ಕಟ್ಟಿ, ರಾಜಧಾನಿಯ ದರದ ಹಲವು ಪಟ್ಟು ಬೆಲೆಗೆ ದೀಪ ಮಾರುತ್ತಿದ್ದರು. 2001ರ ಕಾನೂನಿನಿಂದ ಹುಟ್ಟಿದ ಅಲ್ಲಿನ ನಿಯಂತ್ರಣ ಪ್ರಾಧಿಕಾರ ಅವರನ್ನು ಓಡಿಸಲಿಲ್ಲ. ಅವರಿಗೆ ಮೊದಲು ಅಲ್ಪಾವಧಿಯ ಲೈಸನ್ಸು ಕೊಟ್ಟಿತು. ತಂತಿ, ಕಂಬ, ಮೀಟರನ್ನು ನಿಯಮದಂತೆ ಸುಧಾರಿಸಿದವರಿಗೆ ಅವಧಿ ಹೆಚ್ಚಿಸಿತು, ಸುಧಾರಿಸದವರ ಅವಧಿ ಮೊಟಕಾಯಿತು. ರಾಷ್ಟ್ರೀಯ ಜಾಲ ಬಂದಾಗ ಆ ನೂರಾರು ವ್ಯಾಪಾರಿಗಳು ಜನರೇಟರ್ ಬಿಟ್ಟು ಜಾಲದ ಕರೆಂಟು ಹಂಚುವವರಾದರು, ಹಳ್ಳಿಯ ದರವನ್ನು ತಗ್ಗಿಸಲು ಸರ್ಕಾರ ನಿಧಿಯಿಂದ ಹಣ ಕೊಟ್ಟಿತು. ಅವರು ಚಿಕ್ಕವರು ಎಂಬುದಕ್ಕಿಂತ, ಲೈಸನ್ಸಿನ ಅವಧಿಯನ್ನು ಕೆಲಸಕ್ಕೆ ಗಂಟು ಹಾಕಿದ್ದು ಅಲ್ಲಿ ಫಲ ಕೊಟ್ಟಿತು. ನಮ್ಮ 25 ವರ್ಷದ ಲೈಸನ್ಸಿಗೆ ಅಂಥ ಗಂಟಿಲ್ಲ.

ನಿಯಂತ್ರಿಸುವವರನ್ನೂ ತೂಗಬೇಕಲ್ಲ. 2005ರ ನಂತರ ಮಹಾರಾಷ್ಟ್ರದಲ್ಲಿ ಲೋಡ್‌ಶೆಡ್ಡಿಂಗ್ ತೀವ್ರವಾಗಿದ್ದ ವರ್ಷಗಳಲ್ಲಿ, ನಷ್ಟ ಕಡಿಮೆ ಇದ್ದು ವಸೂಲಿ ಹೆಚ್ಚಿದ್ದ ಪ್ರದೇಶಕ್ಕೆ ಕಡಿಮೆ ಕತ್ತಲೆ, ನಷ್ಟ ಹೆಚ್ಚಿದ್ದ ಕಡೆ ಹೆಚ್ಚು ಕತ್ತಲೆ ಎಂಬ ತತ್ವವನ್ನು ಆಯೋಗ ಒಪ್ಪಿತು. ಎ, ಬಿ, ಸಿ ಎಂದು ಫೀಡರುಗಳ, ಅಂದರೆ ಊರುಗಳಿಗೆ ಕರೆಂಟು ಒಯ್ಯುವ ಲೈನುಗಳ, ಗುಂಪು ಮಾಡಿದರು. ಕೇಳಲು ನ್ಯಾಯವಾಗಿದೆ, ವಸೂಲಿ ಸುಧಾರಿಸಲು ನೆರವೂ ಆಯಿತು. ಆದರೆ ತಿಂಗಳಿಗೆ ತಪ್ಪದೆ ಬಿಲ್ಲು ಕಟ್ಟುವ ಮಾಸ್ತರನೂ ಕೊಕ್ಕೆ ಹಾಕುವವನೂ ಒಂದೇ ಫೀಡರಿನಲ್ಲಿದ್ದರೆ ಇಬ್ಬರಿಗೂ ಒಂದೇ ಕತ್ತಲೆ. ಹಳೆಯ ತಂತಿಯಿಂದ ಆಗುವ ನಷ್ಟಕ್ಕೆ ಕಂಪನಿ ಹೊಣೆ, ಶಿಕ್ಷೆ ಊರಿಗೆ. ಮರಾಠವಾಡ ಈ ಲೆಕ್ಕದಲ್ಲಿ ಬಹಳ ಅನುಭವಿಸಿತು.

ದರ ಏರಿಸುವ ಮುನ್ನ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಇದು ಹಳೆಯ ಮಂಡಳಿಯ ಕಾಲದಲ್ಲಿ ಇಲ್ಲದ ದೊಡ್ಡ ಹಕ್ಕು. ಪುಣೆಯ ಪ್ರಯಾಸ್ ಸಂಸ್ಥೆಯಾಗಲಿ ಇಚಲಕರಂಜಿಯ ಪ್ರತಾಪ ಹೋಗಾಡೆಯವರ ವೀಜ ಗ್ರಾಹಕ ಸಂಘಟನೆಯಾಗಲಿ ಆ ವೇದಿಕೆಯನ್ನು ಚೆನ್ನಾಗಿ ಬಳಸಿಕೊಂಡಿವೆ. ಮೀಟರಿಲ್ಲದ ಪಂಪಿನ ಲೆಕ್ಕದಲ್ಲಿ ಕಳ್ಳತನವನ್ನೂ ಸೋರಿಕೆಯನ್ನೂ ಅಡಗಿಸಲಾಗಿದೆ ಎಂಬ ಆಕ್ಷೇಪ ಎದ್ದದ್ದು ಇಂಥ ವಿಚಾರಣೆಗಳಿಂದಲೇ. ಆದರೆ ಮರಾಠವಾಡದ ವಿಚಾರಣೆ ನಡೆಯುವುದು ಔರಂಗಾಬಾದಿನಲ್ಲಿ, ಈಗಿನ ಛತ್ರಪತಿ ಸಂಭಾಜಿನಗರದಲ್ಲಿ. ಉದಗೀರದ ರೈತ ಒಂದು ದಿನದ ಕೂಲಿ ಬಿಟ್ಟು, ರಾತ್ರಿ ಬಸ್ಸು ಹಿಡಿದು, ಇಂಗ್ಲಿಷಿನ ಸಾವಿರ ಪುಟದ ಅರ್ಜಿಗೆ ಮರಾಠಿಯಲ್ಲಿ ಉತ್ತರ ಹೇಳಬೇಕು. ಅವನ ಮನೆಮಾತು ಕನ್ನಡ.

ಇದೆಲ್ಲವನ್ನೂ ತೂಗಿ ನೋಡಿದಾಗ ನನ್ನ ಒಲವು ಹೀಗಿದೆ. ಲೈಸನ್ಸನ್ನು ಒಡೆಯಬಾರದು. ಠಾಣೆ, ಪುಣೆ, ಉಮರ್ಗಾ ಒಂದೇ ಲೈಸನ್ಸಿನಲ್ಲಿ ಇರುವವರೆಗೆ ಗಡಿಯ ಪಂಪಿಗೆ ಒಂದು ಆಸರೆ ಇದೆ; ಸಮಾನಾಂತರ ಲೈಸನ್ಸು ಕೊಡಲೇಬೇಕೆಂದರೆ, ತೆಗೆದುಕೊಳ್ಳುವ ಕಾರ್ಖಾನೆಗಳ ಪ್ರಮಾಣಕ್ಕೆ ತಕ್ಕಷ್ಟು ಹಳ್ಳಿಯನ್ನೂ ಅದರ ಜೊತೆ ಹೊರಿಸಬೇಕು. ಖಾಸಗಿಯವರು ಇದನ್ನು ಒಪ್ಪುವುದು ಕಷ್ಟ, ಗೊತ್ತು. ಭಿವಂಡಿಯಲ್ಲಿ ಆದ ಸುಧಾರಣೆ ನಮಗೆ ಬೇಡವೇ ಎಂದು ಅವರು ಕೇಳಿದರೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಬಿಲ್ಲೇ ಇಲ್ಲದ ರೈತನಿಗೆ ಕಂಪನಿಯ ಮೇಲೆ ಒತ್ತಡ ಹಾಕಲು ಕೈಯಲ್ಲಿ ಏನೂ ಉಳಿದಿಲ್ಲ ಎಂಬ ಮಾತಿಗೂ ಇಲ್ಲ. ಪುಕ್ಕಟೆ ಕರೆಂಟಿನಲ್ಲಿ ಕಂಪನಿಯ ಗಿರಾಕಿ ಸರ್ಕಾರ. ರೈತ ಬರೀ ಬಳಸುವವನು.

ಆದರೆ ಲೈಸನ್ಸು ದೊಡ್ಡದಿದ್ದ ಮಾತ್ರಕ್ಕೆ ಲೆಕ್ಕವೂ ದೊಡ್ಡದಿರಬೇಕೆಂದಿಲ್ಲ. ಉಮರ್ಗಾ ಉಪವಿಭಾಗದಲ್ಲಿ ಕಳೆದ ವರ್ಷ ಎಷ್ಟು ಡಿ.ಪಿ. ಸುಟ್ಟವು, ಎಷ್ಟು 48 ಗಂಟೆಯಲ್ಲಿ ಬದಲಾದವು, ಎಷ್ಟು ಪರಿಹಾರ ಕೊಟ್ಟರು ಎಂಬುದು ಆ ಕಚೇರಿಯ ಗೋಡೆಯ ಮೇಲೆ ಇರಬೇಕು, ಕೇಳದೆಯೇ ಪರಿಹಾರ ಖಾತೆಗೆ ಬೀಳಬೇಕು. ದರದ ವಿಚಾರಣೆಯ ಒಂದು ದಿನವನ್ನಾದರೂ ಆಯೋಗ ಲಾತೂರಿನಲ್ಲಿ ನಡೆಸಬೇಕು, ಕನ್ನಡದಲ್ಲಿ ಬರೆದ ಆಕ್ಷೇಪಣೆಯನ್ನೂ ಸ್ವೀಕರಿಸಬೇಕು. ಕೃಷಿ ಫೀಡರಿನ ಪಕ್ಕದಲ್ಲೇ ಸೌರ ಘಟಕ ಕಟ್ಟಿ ಹಗಲು ಕರೆಂಟು ಕೊಡುವ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆ 2017ರಿಂದ ನಡೆದಿದೆ, 2023ರಲ್ಲಿ ಅದರ ಎರಡನೇ ಸುತ್ತು ಶುರುವಾಗಿದೆ. ಆ ಘಟಕಗಳನ್ನು ಹೊರಗಿನ ಗುತ್ತಿಗೆದಾರರಿಗಷ್ಟೇ ಕೊಡುವ ಬದಲು ಫೀಡರಿನ ರೈತರ ಸಂಘಕ್ಕೂ ಪಾಲು ಕೊಟ್ಟು ನೋಡಬಹುದು. ಹುಕ್ಕೇರಿಯಲ್ಲಿ ಉಳಿದ ಮತದ ಹಕ್ಕು ಮಾಕಣಿಗೆ ಆ ಬಾಗಿಲಿನಿಂದ ಬರಲು ಸಾಧ್ಯವಿದೆ. ಬಾಕಿ ಬೆಳೆಸಿ ಮುಳುಗಿದ ಮುಳಾ-ಪ್ರವರಾದ ಹಾದಿ ಹಿಡಿಯದಂತೆ, ಸಂಘದ ಲೆಕ್ಕಪತ್ರವನ್ನು ವರ್ಷವರ್ಷವೂ ಆಯೋಗದ ಮುಂದಿಡಬೇಕೆಂಬ ಷರತ್ತನ್ನು ಒಪ್ಪಂದದ ಮೊದಲ ಪುಟದಲ್ಲೇ ಬರೆಯಬೇಕು.